ಸ್ಕೈಲರ್ ಮೇಲೆ ಯಾಕಷ್ಟು ಸಿಟ್ಟು?

2013ರ ಆಗಸ್ಟ್ ತಿಂಗಳು. ಅಮೆರಿಕದ ಎಎಂಸಿ ವಾಹಿನಿಯಲ್ಲಿ 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿಯ ಕೊನೆಯ ಕಂತುಗಳು ಬರುತ್ತಿದ್ದವು. ಅದೇ ಹೊತ್ತಿಗೆ ನಾಯಕನ ಹೆಂಡತಿಯ ಪಾತ್ರ ಮಾಡಿದ ಆನಾ ಗನ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಒಂದು ಲೇಖನ ಬರೆದರು. ತಾನು ಮಾಡಿದ ಸ್ಕೈಲರ್ ವೈಟ್ ಎಂಬ ಪಾತ್ರವನ್ನು ಜನ ಎಷ್ಟು ದ್ವೇಷಿಸುತ್ತಾರೆ, ಆ ದ್ವೇಷ ಪಾತ್ರವನ್ನು ದಾಟಿ ತನ್ನ ಮೈಮೇಲೇ ಹೇಗೆ ಬಂತು ಅನ್ನುವುದೇ ಅದರ ವಿಷಯ. ಆನಾ ಗನ್ ಎಲ್ಲಿ ಸಿಗುತ್ತಾಳೆ ಹೇಳಿ, ಕೊಂದು ಬಿಡುತ್ತೇನೆ ಅನ್ನುವ ಅರ್ಥದ ಮಾತನ್ನೂ ಯಾರೋ ಬರೆದಿದ್ದರಂತೆ.

ಸ್ವಲ್ಪ ನಿಂತು ಯೋಚನೆ ಮಾಡಿ. ಈ ಕಥೆಯಲ್ಲಿ ಗಂಡ ಮೆತ್ ಎಂಬ ಮಾದಕ ವಸ್ತು ತಯಾರಿಸುತ್ತಾನೆ. ಜನರನ್ನು ಕೊಲ್ಲುತ್ತಾನೆ, ಕೊಲ್ಲಿಸುತ್ತಾನೆ. ಒಂದು ಚಿಕ್ಕ ಹುಡುಗನಿಗೆ ವಿಷ ಹಾಕುತ್ತಾನೆ. ಹೆಂಡತಿ, 'ಏನು ನಡೀತಿದೆ?' ಅಂತ ಕೇಳುತ್ತಾಳೆ. ಸಿಟ್ಟು ಬಂದಿದ್ದು ಹೆಂಡತಿಯ ಮೇಲೆ.

ಇದು ಹೇಗಾಯಿತು ಅನ್ನುವುದನ್ನು ಬಿಡಿಸಿ ನೋಡಲು ಈ ಬರಹ. ಕಥೆ ಕೊನೆಯವರೆಗೂ ಇಲ್ಲಿ ಬರುತ್ತದೆ. ಇನ್ನೂ ನೋಡದವರು ನೋಡಿಯೇ ಓದಿ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ನೋಡಿದಾಗ ನನಗೂ ಆಕೆಯ ಮೇಲೆ ಸಿಟ್ಟು ಬಂದಿತ್ತು. ಅವಳು ಪರದೆಯ ಮೇಲೆ ಬಂದರೆ ಸಾಕು, 'ಇವಳು ಯಾಕೆ ಬಂದಳಪ್ಪಾ ಈಗ' ಅನ್ನಿಸುತ್ತಿತ್ತು. ಎರಡನೇ ಸಲ ನೋಡಿದಾಗ ಹಾಗೆ ಅನ್ನಿಸಲಿಲ್ಲ. ಕಥೆ ಅದೇ, ಸೀನುಗಳೂ ಅವೇ. ಹಾಗಾದರೆ ಬದಲಾಗಿದ್ದೇನು?

ಕಥೆ ಚುಟುಕಾಗಿ ಇಷ್ಟು. ನ್ಯೂ ಮೆಕ್ಸಿಕೋ ರಾಜ್ಯದ ಅಲ್ಬುಕರ್ಕಿ. ವಾಲ್ಟರ್ ವೈಟ್ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಸಂಬಳ ಸಾಲದೆ ಸಂಜೆ ಕಾರು ತೊಳೆಯುವ ಕಡೆಯೂ ಕೆಲಸ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಹೆಂಡತಿ ಬಸುರಿ. ಐವತ್ತು ತುಂಬಿದ ಮರುದಿನವೇ ಶ್ವಾಸಕೋಶದ ಕ್ಯಾನ್ಸರ್ ಇದೆ ಅಂತ ಗೊತ್ತಾಗುತ್ತದೆ. ಮನೆಯವರಿಗೆ ದುಡ್ಡು ಮಾಡಿಟ್ಟು ಹೋಗಬೇಕು ಅಂತ ಹಳೇ ಶಿಷ್ಯ ಜೆಸ್ಸಿಯ ಜೊತೆ ಸೇರಿ ಮೆತ್ ತಯಾರಿಸಲು ಶುರು ಮಾಡುತ್ತಾನೆ. 2008ರ ಜನವರಿಯಿಂದ 2013ರ ಸೆಪ್ಟೆಂಬರ್‌ವರೆಗೆ 62 ಕಂತುಗಳಲ್ಲಿ ಈ ಸಾಧು ಮೇಷ್ಟ್ರು ಹಂತಹಂತವಾಗಿ ರಾಕ್ಷಸನಾಗುತ್ತಾನೆ. ಧಾರಾವಾಹಿಯನ್ನು ಕಟ್ಟಿದ ವಿನ್ಸ್ ಗಿಲ್ಲಿಗನ್ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದು ಇದನ್ನೇ: ಒಳ್ಳೆಯವನೊಬ್ಬ ನಮ್ಮ ಕಣ್ಣೆದುರೇ ವಿಲನ್ ಆಗುವ ಕಥೆ.

ಸ್ಕೈಲರ್ ಮೇಲಿನ ದೂರುಗಳು ಎಲ್ಲ ಕಡೆ ಒಂದೇ ಥರ ಇರುತ್ತವೆ. ಪಿರಿಪಿರಿ ಹೆಂಗಸು. ಗಂಡನ ತಲೆ ತಿನ್ನುತ್ತಾಳೆ. ಅವನು ಮನೆಗಾಗಿ ಒದ್ದಾಡುತ್ತಿದ್ದರೆ ಇವಳು ಅದಕ್ಕೂ ಕಲ್ಲು ಹಾಕುತ್ತಾಳೆ. ಬಾಸ್ ಜೊತೆ ಸಂಬಂಧ ಇಟ್ಟುಕೊಂಡಳು. ಗಂಡ ದುಡಿದ ದುಡ್ಡನ್ನು ಆ ಬಾಸ್‌ಗೇ ಕೊಟ್ಟಳು. ಎಲ್ಲದರ ಅಡಿಯಲ್ಲಿ ಒಂದು ನಂಬಿಕೆ ಇದೆ: ವಾಲ್ಟರ್ ಮಾಡಿದ್ದೆಲ್ಲ ಸಂಸಾರಕ್ಕಾಗಿ. ಆ ನಂಬಿಕೆ ತೆಗೆದರೆ ದೂರುಗಳಲ್ಲಿ ಮುಕ್ಕಾಲು ಭಾಗ ನಿಲ್ಲುವುದಿಲ್ಲ.

ಹದಿನೈದು ಡಾಲರ್ ಚಿಲ್ಲರೆ

ಮೊದಲ ಕಂತಿನಲ್ಲಿ ಒಂದು ಪುಟ್ಟ ಸೀನ್ ಇದೆ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಅಲ್ಲೇ ಇದೆ.

ಡಾಕ್ಟರ್ ಹೇಳಿಯಾಗಿದೆ, ಕ್ಯಾನ್ಸರ್ ಬಲಿತಿದೆ ಅಂತ. ವಾಲ್ಟರ್ ಮನೆಗೆ ಬರುತ್ತಾನೆ. ಸ್ಕೈಲರ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದಾಳೆ. ಫೋನ್ ಇಟ್ಟು ಕೇಳುತ್ತಾಳೆ, ಕಳೆದ ತಿಂಗಳು ಆ ಕಾರ್ಡ್ ಬಳಸಿದೆಯಾ, ಹದಿನೈದು ಡಾಲರ್ ಚಿಲ್ಲರೆಗೆ? ಅವನು ಹೇಳುತ್ತಾನೆ, ಪ್ರಿಂಟರ್‌ಗೆ ಪೇಪರ್ ಬೇಕಿತ್ತು. ಅವಳು ನೆನಪಿಸುತ್ತಾಳೆ, ಆ ಕಾರ್ಡ್ ನಾವು ಬಳಸುವುದಿಲ್ಲ ಅಲ್ವಾ. ಸರಿ ಅನ್ನುತ್ತಾನೆ. ಆಮೇಲೆ ಅವಳು, ನಿನ್ನ ದಿನ ಹೇಗಿತ್ತು? ಅವನು, ಚೆನ್ನಾಗಿತ್ತು.

ನೋಡುವವರಿಗೆ ಏನನ್ನಿಸುತ್ತದೆ? ಸಾಯುವ ಮನುಷ್ಯನ ಮುಂದೆ ಹದಿನೈದು ಡಾಲರಿನ ಲೆಕ್ಕ ಕೇಳುತ್ತಾಳಲ್ಲ, ಎಂಥ ಹೆಂಗಸು! ಆದರೆ ಸಾಯುತ್ತಾನೆ ಅಂತ ಗೊತ್ತಿರುವುದು ನಮಗೆ. ಅವಳಿಗೆ ಗೊತ್ತಿಲ್ಲ. ಅವಳ ಕಡೆಯಿಂದ ನೋಡಿದರೆ, ಕೈಯಲ್ಲಿ ಕಾಸಿಲ್ಲದ ಮನೆಯನ್ನು ಒಬ್ಬ ಬಸುರಿ ಹೆಂಗಸು ಲೆಕ್ಕ ಹಾಕಿ ಹಾಕಿ ನಡೆಸುತ್ತಿದ್ದಾಳೆ. ಅದರ ಜೊತೆಗೆ ಗಂಡನ ದಿನ ಹೇಗಿತ್ತು ಅಂತಲೂ ಕೇಳುತ್ತಾಳೆ. ಸುಳ್ಳು ಹೇಳಿದವನು ಅವನು. ನಾವು ಮುಖ ಸಿಂಡರಿಸಿದ್ದು ಅವಳನ್ನು ನೋಡಿ.

ಗುಟ್ಟು ಯಾರ ಕೈಯಲ್ಲಿದೆಯೋ ನೋಡುವವರು ಅವರ ಪಕ್ಷ ಸೇರುತ್ತಾರೆ. ಅವನು ಒಳ್ಳೆಯವನೋ ಕೆಟ್ಟವನೋ ಅನ್ನುವುದು ಆಮೇಲಿನ ಮಾತು. ವಾಲ್ಟರ್‌ಗೆ ಗೊತ್ತಿರುವುದೆಲ್ಲ ನಮಗೂ ಗೊತ್ತು, ಹಾಗಾಗಿ ಅವನು ಸಿಕ್ಕಿಬಿದ್ದರೆ ನಾವೂ ಸಿಕ್ಕಿಬಿದ್ದ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಸ್ಕೈಲರ್ ಕೇಳುವ ಒಂದೊಂದು ಪ್ರಶ್ನೆಯೂ ನಮ್ಮನ್ನೇ ಹಿಡಿಯಲು ಬಂದಂತೆ ಕಾಣುತ್ತದೆ. ಎಲ್ಲಿಗೆ ಹೋಗಿದ್ದೆ? ಆ ಎರಡನೇ ಫೋನ್ ಯಾವುದು? ಯಾವ ಸಂಸಾರದಲ್ಲಾದರೂ ಇವು ನ್ಯಾಯವಾದ ಪ್ರಶ್ನೆಗಳೇ. ಇಲ್ಲಿ ಮಾತ್ರ ಪಿರಿಪಿರಿ ಅನ್ನಿಸಿಕೊಂಡವು.

ಎರಡನೇ ಸೀಸನ್ನಿನ ಕೊನೆಯ ಕಂತಿಗೆ ಬನ್ನಿ. ವಾಲ್ಟರ್‌ಗೆ ಆಪರೇಷನ್. ಮಂಪರಿನ ಮದ್ದು ಕೊಟ್ಟಾಗಿದೆ. ಸ್ಕೈಲರ್ ಸುಮ್ನೆ ಕೇಳುತ್ತಾಳೆ, ಫೋನ್ ತಂದಿದ್ದೀಯಾ? ಮಂಪರಿನಲ್ಲಿ ಅವನ ಬಾಯಿಂದ ಬರುತ್ತದೆ, 'ಯಾವುದು?'

ಆ ಒಂದು ಮಾತಿಗೆ ತಿಂಗಳುಗಟ್ಟಲೆ ಕಟ್ಟಿದ್ದ ಸುಳ್ಳು ಕುಸಿಯುತ್ತದೆ. ಆನಾ ಗನ್ ಮುಖ ನೋಡಿ ಅಲ್ಲಿ. ಕೂಗಾಟ ಇಲ್ಲ, ಕಣ್ಣೀರಿಲ್ಲ. ಕೇಳಿದ್ದನ್ನು ನುಂಗಿಕೊಂಡು ನಿಲ್ಲುತ್ತಾಳೆ. ಮೊದಲ ಸಲ ನೋಡಿದಾಗ ನಾನು ಆ ಮುಖ ನೋಡಿರಲೇ ಇಲ್ಲ. 'ಅಯ್ಯೋ, ಸಿಕ್ಕಿಬಿದ್ದನಲ್ಲ' ಅಂತ ವಾಲ್ಟರ್‌ಗಾಗಿ ಚಡಪಡಿಸುತ್ತಿದ್ದೆ.

ಯಾವುದು ಮೊದಲು, ಯಾವುದು ಆಮೇಲೆ

ಟೆಡ್, ಅಂದರೆ ಆ ಬಾಸ್, ಅವನ ವಿಷಯಕ್ಕೆ ಬರೋಣ. ಉಂಡ ಮನೆಗೆ ಎರಡು ಬಗೆದಳು ಅಂತ ಜನ ಜಾಸ್ತಿ ಬೈಯುವುದು ಇದಕ್ಕೇ.

ನಡೆದದ್ದನ್ನು ಸಾಲಾಗಿ ಇಟ್ಟು ನೋಡಿ. ಮೂರನೇ ಸೀಸನ್ನಿನ ಮೊದಲ ಕಂತಿನಲ್ಲಿ ಗಂಡ ಮೆತ್ ತಯಾರಿಸುತ್ತಾನೆ ಅಂತ ಅವಳಿಗೆ ತಿಳಿಯುತ್ತದೆ. ವಿಚ್ಛೇದನ ಕೇಳುತ್ತಾಳೆ, ಮನೆಯಿಂದ ಹೊರಗಿರು ಅನ್ನುತ್ತಾಳೆ. ಅವನು ಅವಳ ಮಾತು ಕೇಳದೆ ಮನೆಗೆ ವಾಪಸ್ ಬಂದು ಕೂರುತ್ತಾನೆ. ಅವಳು ಪೊಲೀಸರನ್ನು ಕರೆಯುತ್ತಾಳೆ. ಗಂಡ ಹೆಂಡತಿಯ ಮನೆ, ಹೊಡೆದಿಲ್ಲ ಬಡಿದಿಲ್ಲ, ನಾವೇನೂ ಮಾಡಲಾಗದು ಅಂತ ಅವರು ಕೈಚೆಲ್ಲುತ್ತಾರೆ. ನಿಜ ಹೇಳಿಬಿಡೋಣ ಅಂದರೆ, ಮಗನಿಗೆ ಅಪ್ಪ ಅಂದರೆ ಪ್ರಾಣ. ತಂಗಿ ಮೇರಿಯ ಗಂಡ ಹ್ಯಾಂಕ್ ಮಾದಕ ವಸ್ತು ತಡೆ ಇಲಾಖೆಯ ಅಧಿಕಾರಿ. ಒಂದು ಮಾತು ಹೊರಬಿದ್ದರೆ ಅವನ ಬದುಕೂ ಹಾಳು. ಹಾಗಾಗಿ ಬಾಯಿ ಬಿಡುವಂತಿಲ್ಲ. ಬಾಯಿ ಬಿಡದ್ದಕ್ಕೆ ಮಗನ ಕಣ್ಣಲ್ಲಿ ಅವಳೇ ಕೆಟ್ಟವಳು.

ಇಷ್ಟೆಲ್ಲ ಆದ ಮೇಲೆ ಅವಳು ಟೆಡ್ ಹತ್ತಿರ ಹೋಗುತ್ತಾಳೆ. ಬಂದು ಗಂಡನ ಮುಖಕ್ಕೆ ನೇರವಾಗಿ ಹೇಳುತ್ತಾಳೆ. ಸರಿಯೇ ಅಂದರೆ ನಾನು ಸರಿ ಅನ್ನುವುದಿಲ್ಲ. ಆದರೆ ಎಲ್ಲ ಬಾಗಿಲೂ ಮುಚ್ಚಿದ ಮನೆಯೊಳಗೆ ಸಿಕ್ಕವಳು, ಅವನಾಗಿಯೇ ಎದ್ದು ಹೋಗಲಿ ಅಂತ ಮಾಡಿದ ಕೆಲಸ ಅದು. ಬೈಯುವವರ ಬಾಯಲ್ಲಿ ಮಾತ್ರ ಈ ಸಾಲು ತಲೆಕೆಳಗಾಗುತ್ತದೆ. ಮೊದಲು ಇವಳು ಮೋಸ ಮಾಡಿದಳು, ಪಾಪ ಅವನಿಗೆ ಮನೆ ಬಿಟ್ಟು ಹೋಯಿತು ಅನ್ನುವ ಹಾಗೆ.

ಟೆಡ್‌ಗೆ ದುಡ್ಡು ಕೊಟ್ಟ ಕಥೆಯೂ ಹೀಗೇ. ಆರು ಲಕ್ಷ ಡಾಲರಿಗೂ ಜಾಸ್ತಿ, ನಿಜ. ಆದರೆ ಟೆಡ್ ತೆರಿಗೆ ವಂಚನೆಯಲ್ಲಿ ಸಿಕ್ಕಿಬಿದ್ದಿದ್ದ. ಅವನ ಲೆಕ್ಕಪತ್ರಗಳಿಗೆ ಸಹಿ ಹಾಕಿದವಳು ಸ್ಕೈಲರ್. ತೆರಿಗೆಯವರು ಅವನ ಬೆನ್ನು ಹತ್ತಿದರೆ ಮುಂದೆ ಬರುವುದು ಇವಳ ಮನೆಗೇ. ಮೇಷ್ಟ್ರ ಸಂಸಾರ ಕಾರು ತೊಳೆಯುವ ವ್ಯಾಪಾರ ಕೊಂಡಿದ್ದು ಎಲ್ಲಿಂದ ಅಂತ ಕೇಳುತ್ತಾರೆ. ಅವಳು ಆ ದುಡ್ಡು ಸುರಿದದ್ದು ಗಂಡನ ಗುಟ್ಟು ಕಾಯಲು.

ಅವಳ ನಿಜವಾದ ತಪ್ಪುಗಳು ಬೇರೆ ಇವೆ. ಆ ಕೊಳಕು ದುಡ್ಡನ್ನು ಮಡಿ ಮಾಡುವ ಕೆಲಸವನ್ನು ಅವಳೇ ಅಚ್ಚುಕಟ್ಟಾಗಿ ಮಾಡಿದಳು. ಕೊನೆಯ ಸೀಸನ್ನಿನಲ್ಲಿ ಜೆಸ್ಸಿಯಿಂದ ಅಪಾಯ ಅಂದಾಗ, ಇಷ್ಟು ದೂರ ಬಂದಿದ್ದೇವೆ, ಇನ್ನೊಬ್ಬನಾದರೆ ಏನಂತೆ ಅನ್ನುವ ಅರ್ಥದಲ್ಲಿ ಮಾತಾಡಿದಳು. ನನಗೆ ಅವಳ ಮೇಲೆ ನಿಜವಾಗಿ ಭಯ ಹುಟ್ಟಿದ ಜಾಗ ಅದು. ವಿಚಿತ್ರ ನೋಡಿ, ದೂರು ಹೇಳುವವರ ಬಾಯಲ್ಲಿ ಈ ಮಾತು ಬರುವುದು ಕಮ್ಮಿ. ಗಂಡನಿಗೆ ಅಡ್ಡ ಬಂದದ್ದು ಅವರಿಗೆ ನೆನಪಿದೆ. ಗಂಡನ ಹಾಗೆಯೇ ಆಗಿದ್ದು ನೆನಪಿಲ್ಲ.

ಗಿಡ ಕಂಡ ಕಣ್ಣು

ಈ ಧಾರಾವಾಹಿ ನೋಡಿದವರು ಎಷ್ಟು ಚುರುಕಿನವರು ಅನ್ನುವುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ನಾಲ್ಕನೇ ಸೀಸನ್ನಿನ ಕೊನೆಯಿಂದ ಎರಡನೇ ಕಂತು, 2011ರ ಅಕ್ಟೋಬರ್ 2. ಜೆಸ್ಸಿಯ ಗೆಳತಿಯ ಮಗ ಬ್ರಾಕ್ ಇದ್ದಕ್ಕಿದ್ದ ಹಾಗೆ ಆಸ್ಪತ್ರೆ ಸೇರುತ್ತಾನೆ. ವಿಷ ಹಾಕಿದ್ದು ಯಾರು? ಅದೇ ಕಂತಿನಲ್ಲಿ ವಾಲ್ಟರ್ ಹಿತ್ತಿಲ ಈಜುಕೊಳದ ಪಕ್ಕ ಕೂತು ಮೇಜಿನ ಮೇಲೆ ಪಿಸ್ತೂಲು ತಿರುಗಿಸುತ್ತಾನೆ. ಎರಡು ಸಲ ಅದು ಅವನ ಕಡೆಗೇ ಬಂದು ನಿಲ್ಲುತ್ತದೆ. ಮೂರನೇ ಸಲ ಒಂದು ಕುಂಡದ ಕಡೆಗೆ.

ಮುಂದಿನ ಕಂತಿಗೆ ಒಂದು ವಾರ ಇತ್ತು. ಅಷ್ಟರಲ್ಲೇ ಆ ಕುಂಡದ ಗಿಡವನ್ನು ಹಿಡಿದು, ವಿಷ ಹಾಕಿದ್ದು ವಾಲ್ಟರೇ ಅಂತ ಊಹಿಸಿದವರಿದ್ದರು. ಅಕ್ಟೋಬರ್ 9ರಂದು ಕೊನೆಯ ದೃಶ್ಯದಲ್ಲಿ ಕ್ಯಾಮೆರಾ ಅದೇ ಹಿತ್ತಿಲಿಗೆ ಹೋಗಿ ಕುಂಡದ ಚೀಟಿ ತೋರಿಸಿತು. ಲಿಲಿ ಆಫ್ ದ ವ್ಯಾಲಿ ಎಂಬ ವಿಷದ ಗಿಡ. ಊಹೆ ನಿಜವಾಗಿತ್ತು.

ಇಂಥ ಕಣ್ಣುಗಳು ನೋಡುತ್ತಿದ್ದವು. ಮೇರಿ ಉಡುವುದೆಲ್ಲ ನೇರಳೆ ಬಣ್ಣ ಯಾಕೆ ಅಂತ ಲೆಕ್ಕ ಹಾಕಿದ ಕಣ್ಣುಗಳು. ಮೂಲೆಯ ಕುಂಡ ಕಂಡವರಿಗೆ ಎದುರಿಗೇ ನಿಂತ ಹೆಂಗಸಿನ ಮುಖದ ಭಯ ಯಾಕೆ ಕಾಣಲಿಲ್ಲ? ನನಗೆ ಹೊಳೆದದ್ದು ಇಷ್ಟು. ಕುಂಡ ಒಂದು ಒಗಟಿನ ತುಣುಕು. ಅದನ್ನು ಕಂಡುಹಿಡಿದರೆ ನಾವು ಜಾಣರು. ಸ್ಕೈಲರ್‌ಳ ಭಯದಲ್ಲಿ ಒಗಟೇನೂ ಇಲ್ಲ. ಅದನ್ನು ಕಂಡರೆ ನಮಗೆ ಕಸಿವಿಸಿ ಆಗುತ್ತದೆ, ಯಾಕೆಂದರೆ ಆ ಭಯ ಹುಟ್ಟಿಸಿದವನ ಪಕ್ಷದಲ್ಲಿ ನಾವು ಕೂತಿದ್ದೇವೆ.

'ಬಾಗಿಲು ತಟ್ಟುವವನು ನಾನೇ' ಅನ್ನುವ ವಾಲ್ಟರನ ಮಾತು ಗೊತ್ತಲ್ಲ, ಅಪಾಯದಲ್ಲಿರುವವನು ನಾನಲ್ಲ, ಅಪಾಯವೇ ನಾನು ಅನ್ನುತ್ತಾನಲ್ಲ, ಅದು. ಟೀ ಶರ್ಟಿನ ಮೇಲೆಲ್ಲ ಅಚ್ಚಾಯಿತು. ಹೀರೋ ಡೈಲಾಗ್ ಅಂತ ಜನ ಎದೆಯುಬ್ಬಿಸಿ ಹೇಳುತ್ತಾರೆ. ಅವನು ಅದನ್ನು ಯಾರಿಗೆ ಹೇಳಿದ ಅಂತ ನೆನಪಿದೆಯಾ? ಶತ್ರುವಿಗಲ್ಲ. ಮಲಗುವ ಕೋಣೆಯಲ್ಲಿ ಹೆಂಡತಿಗೆ. ಯಾರಾದರೂ ಬಂದು ನಿನ್ನನ್ನು ಕೊಂದುಬಿಟ್ಟರೆ ಏನು ಗತಿ, ಪೊಲೀಸರ ಹತ್ತಿರ ಹೋಗೋಣ ಅಂತ ಅವಳು ಬೇಡಿಕೊಂಡಾಗ. ಕ್ಯಾಮೆರಾ ಅವಳ ಮುಖ ತೋರಿಸುತ್ತದೆ. ಗಂಡ ಯಾರು ಅನ್ನುವುದು ಆ ಕ್ಷಣ ಅವಳಿಗೆ ಗೊತ್ತಾಗುತ್ತದೆ. ಕೂಸನ್ನು ಎತ್ತಿಕೊಂಡು ಕಾರು ಹತ್ತಿ ನಾಲ್ಕು ರಾಜ್ಯಗಳ ಗಡಿ ಕೂಡುವ ಜಾಗಕ್ಕೆ ಹೋಗುತ್ತಾಳೆ. ನಾಣ್ಯ ಚಿಮ್ಮುತ್ತಾಳೆ, ಯಾವ ಕಡೆ ಬೀಳುತ್ತದೋ ಆ ಕಡೆ ಓಡಿಹೋಗೋಣ ಅಂತ. ಕೊಲರಾಡೋ ಕಡೆ ಬೀಳುತ್ತದೆ. ಮತ್ತೆ ಚಿಮ್ಮುತ್ತಾಳೆ, ಮತ್ತೆ ಕೊಲರಾಡೋ. ಆಮೇಲೆ ಕಾಲಿನಿಂದ ಮೆಲ್ಲಗೆ ಆ ನಾಣ್ಯವನ್ನು ನ್ಯೂ ಮೆಕ್ಸಿಕೋ ಕಡೆಗೆ ಎಳೆಯುತ್ತಾಳೆ. ಮನೆಗೆ ವಾಪಸ್ಸಾಗಿ, ಈ ಮನೆ ಕಾಯುವವನಿಂದ ಯಾರಾದರೂ ಈ ಮನೆಯನ್ನು ಕಾಯಬೇಕಲ್ಲ ಅನ್ನುತ್ತಾಳೆ.

ಒಂದೇ ಕಂತಿನ ಎರಡು ಮಾತುಗಳು ಇವು. ಟೀ ಶರ್ಟಿಗೆ ಹೋದದ್ದು ಒಂದೇ.

ಹ್ಯಾಂಕ್‌ಗೆ ಯಾಕೆ ಹೀಗಾಗಲಿಲ್ಲ

ಹ್ಯಾಂಕ್ ಕೂಡ ವಾಲ್ಟರ್‌ಗೆ ಅಡ್ಡ ಬರುವವನೇ. ಅಡ್ಡ ಬರುವುದೇನು, ಹಿಡಿದು ಜೈಲಿಗೆ ಹಾಕಲು ಹೊರಟವನು. ಅವನ ಮೇಲೆ ಈ ಪ್ರಮಾಣದ ದ್ವೇಷ ಹುಟ್ಟಲಿಲ್ಲ. ಇದಕ್ಕೆ ಸುಲಭದ ಉತ್ತರ ಒಂದಿದೆ: ಅವನು ಗಂಡಸು, ಇವಳು ಹೆಂಗಸು. ಆನಾ ಗನ್ ತಮ್ಮ ಲೇಖನದಲ್ಲಿ ಹೇಳಿದ್ದೂ ಈ ದಿಕ್ಕಿನಲ್ಲೇ. ಸುಮ್ಮನೆ ಸಹಿಸಿಕೊಳ್ಳದ, ಗಂಡನಿಗೆ ಸಮಸಮ ನಿಂತ ಹೆಂಡತಿಯನ್ನು ಜನ ಒಪ್ಪುವುದಿಲ್ಲ ಅಂತ. ಗಿಲ್ಲಿಗನ್ ಕೂಡ ಇದನ್ನು ಹೆಂಗಸರ ಮೇಲಿನ ದ್ವೇಷ ಅಂತಲೇ ಕರೆದರು. ಅವರ ಮಾತನ್ನು ನಾನು ಒಪ್ಪುತ್ತೇನೆ. ಅಪ್ಪಟ ಕೊಲೆ ಬೆದರಿಕೆಯನ್ನು ಬೇರೆ ಯಾವುದರಿಂದಲೂ ವಿವರಿಸಲು ಆಗದು.

ಆದರೆ ಸಿಟ್ಟು ಮಾಡಿಕೊಂಡವರೆಲ್ಲ ಅಂಥವರೇ ಅಂದರೆ ಪ್ರಕರಣ ಅರ್ಧಕ್ಕೇ ನಿಲ್ಲುತ್ತದೆ. ಸ್ಕೈಲರ್‌ಳನ್ನು ಕಂಡರಾಗದ ಹೆಂಗಸರೂ ಇದ್ದರು, ಇದ್ದಾರೆ. ನನಗೆ ಕಾಣುವ ಇನ್ನೊಂದು ಕಾರಣ ಇದು. ಹ್ಯಾಂಕ್ ಬೆನ್ನು ಹತ್ತಿದಷ್ಟೂ ಆಟ ರಂಗೇರುತ್ತದೆ. ಬೆಕ್ಕು ಇಲಿಯ ಆಟದಲ್ಲಿ ಬೆಕ್ಕೂ ಬೇಕು. ಸ್ಕೈಲರ್ ಕೇಳುವುದು ಆಟವನ್ನೇ ನಿಲ್ಲಿಸು ಅಂತ. ಅವಳ ಮಾತು ನಡೆದರೆ ಕಥೆ ಅಲ್ಲಿಗೆ ಮುಗಿಯಿತು, ಮುಂದಿನ ಕಂತೇ ಇಲ್ಲ. ಕಂತು ಮುಗಿಯುತ್ತಿದ್ದಂತೆ ಇನ್ನೊಂದು ಕಂತಿಗೆ ಹಪಹಪಿಸುವ ನಮಗೆ ಅವಳು ವೈರಿಯಾಗದೆ ಇನ್ನೇನು? ಮೊದಲ ಸೀಸನ್ನಿನಲ್ಲೇ ನೋಡಿ. ಹಳೇ ಗೆಳೆಯ ಎಲಿಯಟ್ ಮತ್ತು ಅವನ ಹೆಂಡತಿ ಗ್ರೆಚನ್ ಚಿಕಿತ್ಸೆಯ ಖರ್ಚು ಪೂರ್ತಿ ಕೊಡುತ್ತೇವೆ ಅನ್ನುತ್ತಾರೆ. ವಾಲ್ಟರ್ ಬೇಡ ಅನ್ನುತ್ತಾನೆ. ಸ್ಕೈಲರ್ ಎಲ್ಲರನ್ನೂ ಸುತ್ತ ಕೂರಿಸಿ, ಒಂದು ದಿಂಬು ಕೈಗೆ ಕೊಟ್ಟು, ದಿಂಬು ಹಿಡಿದವರು ಮಾತ್ರ ಮಾತಾಡಿ ಅಂತ ಮನಸ್ಸಿನ ಮಾತು ಆಡಿಸುತ್ತಾಳೆ. ಚಿಕಿತ್ಸೆ ತಗೋ ಅಂತ ಗೋಗರೆಯುತ್ತಾಳೆ. ಅವನು ಆ ದುಡ್ಡು ತೆಗೆದುಕೊಂಡಿದ್ದರೆ ಮೆತ್ ಇಲ್ಲ, ಕೊಲೆ ಇಲ್ಲ. ನಮಗೆ ಧಾರಾವಾಹಿಯೂ ಇಲ್ಲ. ಹಾಗಾಗಿ ಅವನು ಬೇಡ ಅಂದಾಗ ನಾವು ಅದನ್ನು ಸ್ವಾಭಿಮಾನ ಅಂದುಕೊಂಡೆವು. ಸಂಸಾರಕ್ಕಾಗಿ ಅನ್ನುವ ವಾದ ಐದನೇ ಕಂತಿಗೇ ಬಿದ್ದು ಹೋಗಿತ್ತು. ನಾವು ಅದನ್ನು ಎತ್ತಿ ನಿಲ್ಲಿಸಿಕೊಂಡು ಇನ್ನೂ ಐವತ್ತೇಳು ಕಂತು ನೋಡಿದೆವು.

ಇಡೀ ದಾಂಪತ್ಯದ ಕಥೆ ಒಂದು ತಟ್ಟೆಯಲ್ಲಿದೆ. ಮೊದಲ ಕಂತಿನಲ್ಲಿ ಐವತ್ತನೇ ಹುಟ್ಟುಹಬ್ಬಕ್ಕೆ ಸ್ಕೈಲರ್ ಬೇಕನ್ ತುಂಡುಗಳನ್ನು 50 ಅಂತ ಜೋಡಿಸಿ ಕೊಡುತ್ತಾಳೆ. ಐದನೇ ಸೀಸನ್ನಿನಲ್ಲಿ ಮತ್ತೆ ಹುಟ್ಟುಹಬ್ಬ. ಈಗ ಮನಸ್ಸಿಲ್ಲದ ಮನಸ್ಸಿನಿಂದ, ಬಲವಂತಕ್ಕೆ, 51 ಅಂತ ಜೋಡಿಸುತ್ತಾಳೆ. ಅವತ್ತು ಸಂಜೆಯೇ ಉಟ್ಟ ಬಟ್ಟೆಯಲ್ಲಿ ಈಜುಕೊಳಕ್ಕೆ ಇಳಿದು ಮುಳುಗುತ್ತಾಳೆ. ತನಗೆ ತಲೆ ಸರಿಯಿಲ್ಲ ಅಂದುಕೊಂಡಾದರೂ ಮಕ್ಕಳನ್ನು ತಂಗಿ ಕರೆದುಕೊಂಡು ಹೋಗಲಿ ಅಂತ. ರಾತ್ರಿ ವಾಲ್ಟರ್ ಅವಳನ್ನು ಮೂಲೆಗೆ ಒತ್ತಿ ಕೇಳುತ್ತಾನೆ, ನಿನ್ನ ಮುಂದಿನ ಉಪಾಯ ಏನು? ಅವಳು ಹೇಳಿದ ಒಂದೊಂದು ಉಪಾಯವನ್ನೂ ಮುರಿದು ಹಾಕುತ್ತಾನೆ. ಕೊನೆಗೆ ಅವಳು, ಕಾಯುವುದೊಂದೇ ಉಳಿದಿರುವುದು ಅನ್ನುತ್ತಾಳೆ. ಏನಕ್ಕೆ ಕಾಯುವುದು? ಕ್ಯಾನ್ಸರ್ ವಾಪಸ್ ಬರಲಿ ಅಂತ. ಅದೇ ಸೀಸನ್ನಿನ ಶುರುವಿನಲ್ಲಿ, ಮುಂದಾಗುವುದನ್ನು ತೋರಿಸುವ ದೃಶ್ಯದಲ್ಲಿ, ಹೋಟೆಲಿನಲ್ಲಿ ಒಬ್ಬನೇ ಕೂತ ವಾಲ್ಟರ್ ತನ್ನ ತಟ್ಟೆಯಲ್ಲಿ ತಾನೇ 52 ಅಂತ ಮಾಡಿಕೊಳ್ಳುತ್ತಾನೆ.

ಕೊನೆಯ ಎರಡು ವಾರ

ಸೆಪ್ಟೆಂಬರ್ 15, 2013. ಹ್ಯಾಂಕ್ ಸತ್ತಿದ್ದಾನೆ. ವಾಲ್ಟರ್ ಕೂಸನ್ನು ಎತ್ತಿಕೊಂಡು ಓಡಿಹೋಗಿದ್ದಾನೆ. ಮನೆಗೆ ಫೋನ್ ಮಾಡುತ್ತಾನೆ. ಪೊಲೀಸರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಅವನಿಗೆ ಗೊತ್ತು. ಸ್ಕೈಲರ್‌ಳನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ನೀನು ಯಾವತ್ತೂ ನನ್ನ ಜೊತೆ ನಿಲ್ಲಲಿಲ್ಲ, ಬರೀ ಗೊಣಗಿದೆ, ನಾನು ಕಟ್ಟಿದ್ದರ ಬೆಲೆ ನಿನಗೇನು ಗೊತ್ತು, ಎಲ್ಲ ನಾನೊಬ್ಬನೇ ಮಾಡಿದ್ದು. ಬೈಯುತ್ತ ಬೈಯುತ್ತ ಅಳುತ್ತಿದ್ದಾನೆ. ಹೆಂಡತಿಗೇನೂ ಗೊತ್ತಿರಲಿಲ್ಲ ಅಂತ ಪೊಲೀಸರು ನಂಬಲಿ ಅಂತ ಆಡಿದ ಮಾತುಗಳವು. ಅರ್ಧ ದಾರಿಯಲ್ಲಿ ಸ್ಕೈಲರ್‌ಗೆ ಇದು ಹೊಳೆಯುತ್ತದೆ. ಅವಳ ಮುಖ ಬದಲಾಗುತ್ತದೆ.

ಆ ಬೈಗುಳಗಳನ್ನು ಮತ್ತೊಮ್ಮೆ ಓದಿ ನೋಡಿ. ಐದು ವರ್ಷ ನೋಡುಗರು ಅವಳ ಮೇಲೆ ಹೊರಿಸಿದ ದೂರುಗಳೇ ಅವು. ವಾಲ್ಟರನ ಬಾಯಲ್ಲಿ ಬರೆದುಕೊಟ್ಟಿದ್ದಾರೆ, ಅದೂ ಸುಳ್ಳು ಅಂತ ಅವನಿಗೇ ಗೊತ್ತಿರುವ ಮಾತುಗಳಾಗಿ. ಅವನು ಮನಸಾರೆ ಹೇಳಿದ, ಸರಿಯಾಗಿಯೇ ಹೇಳಿದ ಅಂತ ಚಪ್ಪಾಳೆ ತಟ್ಟಿದವರು ಆಗಲೂ ಇದ್ದರು. ಒಂದು ವಾರದ ನಂತರ, ಸೆಪ್ಟೆಂಬರ್ 22ರಂದು, ಆನಾ ಗನ್‌ಗೆ ಈ ಪಾತ್ರಕ್ಕೆ ಎಮ್ಮಿ ಪ್ರಶಸ್ತಿ ಬಂತು. ಮರುವರ್ಷ ಮತ್ತೊಮ್ಮೆ ಬಂತು.

ಸೆಪ್ಟೆಂಬರ್ 29, ಕೊನೆಯ ಕಂತು. ಅಮೆರಿಕದಲ್ಲಿ ಸುಮಾರು 1 ಕೋಟಿ 3 ಲಕ್ಷ ಜನ ಅವತ್ತು ನೋಡಿದರು. ಒಂದು ಇಕ್ಕಟ್ಟಾದ ಅಡುಗೆಮನೆ. ಸ್ಕೈಲರ್ ಮೇಜಿನ ಮುಂದೆ ಸಿಗರೇಟು ಹಿಡಿದು ಕೂತಿದ್ದಾಳೆ. ಮೇರಿ ಫೋನ್ ಮಾಡಿ ಎಚ್ಚರಿಸುತ್ತಾಳೆ, ವಾಲ್ಟರ್ ಊರಿಗೆ ಬಂದಿದ್ದಾನೆ ಅಂತೆ, ಹುಷಾರು. ಸ್ಕೈಲರ್ ಸರಿ ಅಂದು ಫೋನ್ ಇಡುತ್ತಾಳೆ. ಆಮೇಲೆ ಯಾರಿಗೋ ಹೇಳುತ್ತಾಳೆ, ಐದು ನಿಮಿಷ. ಕ್ಯಾಮೆರಾ ಮೆಲ್ಲಗೆ ಮುಂದೆ ಸರಿಯುತ್ತದೆ. ಕಂಬದ ಹಿಂದೆ ವಾಲ್ಟರ್ ನಿಂತಿದ್ದಾನೆ. ಅಷ್ಟು ಹೊತ್ತೂ ಅಲ್ಲೇ ಇದ್ದ.

62 ಕಂತುಗಳಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ನಮಗೆ ಮೊದಲು ಗೊತ್ತಾಗಿ ಆಮೇಲೆ ಅವಳಿಗೆ ಗೊತ್ತಾಗುತ್ತಿತ್ತು. ಈ ಸಲ ಅವಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಅವನು ಬಾಯಿ ತೆರೆಯುತ್ತಾನೆ, ನಾನು ಮಾಡಿದ್ದೆಲ್ಲ... ಅವಳು ತಡೆಯುತ್ತಾಳೆ. ಸಂಸಾರಕ್ಕಾಗಿ ಮಾಡಿದೆ ಅಂತ ಇನ್ನೊಂದು ಸಲ ಹೇಳಬೇಡ. ಅವನು ಹೇಳುತ್ತಾನೆ, ನನಗಾಗಿ ಮಾಡಿದೆ. ನನಗೆ ಇಷ್ಟವಾಯಿತು.

ಅವಳು ಏನೂ ಅನ್ನುವುದಿಲ್ಲ. ಸುಮ್ಮನೆ ಅವನ ಮುಖ ನೋಡುತ್ತಾಳೆ.